ಫಿಶ್‌ಫೈಂಡರಿನ ಮೀನಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮೀನಿನ ಚಿತ್ರದವರಿಗೆ,

ಗಂಗೊಳ್ಳಿಯಲ್ಲಿ ದೋಣಿಗಳಿಗೆ ಫಿಶ್‌ಫೈಂಡರ್ ಕೂರಿಸಿ, ಕೆಟ್ಟರೆ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನ ನಮಸ್ಕಾರಗಳು. ತಮಗೆ ನನ್ನ ಪರಿಚಯವಿರಲಾರದು. ನಾನಂತೂ ತಮ್ಮನ್ನು ದಿನಾ ನೋಡುತ್ತೇನೆ. ಅಂಗೈಯಗಲದ ಪರದೆ, ಅದರಲ್ಲಿ ಒಂದು ಬಾಲ, ಒಂದು ಕಣ್ಣು, ತಲೆಯ ಮೇಲೆ ಆಳ ಹೇಳುವ 12.4 ಅಂತ ಒಂದು ಅಂಕಿ. ತಾವು ಬಂಗುಡೆಯೂ ಅಲ್ಲ, ಬೂತಾಯಿಯೂ ಅಲ್ಲ, ಅಂಜಲ್ ಅಂತೂ ಅಲ್ಲವೇ ಅಲ್ಲ. ಆದರೂ ತಮ್ಮ ಮಾತು ನಂಬಿ ಸೀಮೆಎಣ್ಣೆ ಸುಟ್ಟವರು ನಮ್ಮ ಕರಾವಳಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ತಮ್ಮ ಪ್ರತಿಭೆಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ನೀರೇ ಇಲ್ಲದ ಕಡೆ ಈಜಬಲ್ಲವರು ತಾವು. ಅಂಗಡಿಯ ಗಾಜಿನ ಕಪಾಟಿನಲ್ಲಿ, ನೀರಿಗೆ ಸದ್ದು ಬಿಟ್ಟು ಪ್ರತಿಧ್ವನಿ ಕೇಳುವ ಟ್ರಾನ್ಸ್‌ಡ್ಯೂಸರಿನ ವಯರನ್ನೇ ಸಿಕ್ಕಿಸದ ಯಂತ್ರದೊಳಗೆ, ಸಿಮ್ಯುಲೇಟರ್ ಮೋಡ್‌ನ ಕೃಪೆಯಿಂದ ತಾವು ಹಿಂಡುಹಿಂಡಾಗಿ ಓಡಾಡುವುದನ್ನು ಕಂಡಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳೆಲ್ಲ ದಡ ಸೇರಿದಾಗಲೂ ಆ ಕಪಾಟಿನಲ್ಲಿ ಮೀನಿಗೆ ಬರವಿಲ್ಲ. ಗಿರಾಕಿ ಅದನ್ನು ನೋಡಿಯೇ ದುಡ್ಡು ಎಣಿಸುತ್ತಾನೆ. ತಿಂಗಳು ಕಳೆದ ಮೇಲೆ ನನ್ನ ಹತ್ತಿರ ಬಂದು ಹೇಳುವುದು ಒಂದೇ ಮಾತು: “ಮೀನ್ ಕಾಣತ್ತ್ ಮಾರಾಯ್ರೆ, ಸಿಕ್ಕುದಿಲ್ಲೆ ಅಷ್ಟೇ.”

ತಾವು ಹುಟ್ಟುವ ಮೊದಲೂ ಈ ಯಂತ್ರ ಇತ್ತು ಎಂಬುದನ್ನು ವಿನಯದಿಂದ ನೆನಪಿಸಬೇಕಾಗಿದೆ. ಸದ್ದು ಬಿಟ್ಟು, ಪ್ರತಿಧ್ವನಿ ಕೇಳಿ, ಸಮುದ್ರದ ಆಳ ಅಳೆಯುವುದು ಅದರ ಮೂಲ ಕಸುಬು. ಮೇಲ್ಮೈಗೂ ತಳಕ್ಕೂ ನಡುವೆ ಬೀಳುತ್ತಿದ್ದ ಕಲೆಗಳು ಕಾಡ್ ಮೀನಿನ ಹಿಂಡಿನವು ಎಂದು ನಾರ್ವೆಯ ವಿಜ್ಞಾನಿ ಓಸ್ಕರ್ ಸುಂಡ್ 1935ರಲ್ಲಿ ದಾಖಲೆ ಸಮೇತ ಪ್ರಕಟಿಸಿದರು. ಮೀನು ಹುಡುಕುವುದಕ್ಕೆಂದೇ ಮಾಡಿದ ಯಂತ್ರವನ್ನು 1948ರಲ್ಲಿ ಮಾರುಕಟ್ಟೆಗೆ ತಂದವರು ಜಪಾನಿನ ಫುರುನೊ ಸಹೋದರರು. ಆಗೆಲ್ಲ ಕಾಗದದ ಸುರುಳಿಯ ಮೇಲೆ ಕಪ್ಪು ಗೀರು ಮೂಡುತ್ತಿತ್ತು. ಗೀರಿಗೆ ಕಣ್ಣೂ ಇರಲಿಲ್ಲ, ಬಾಲವೂ ಇರಲಿಲ್ಲ. ಅದನ್ನು ಓದುವ ಕೆಲಸ ಮೀನುಗಾರನದಾಗಿತ್ತು. ಆ ಕೆಲಸವನ್ನು ಅವನ ಕೈಯಿಂದ ತಾವು ಯಾವಾಗ ಕಸಿದುಕೊಂಡಿರೋ, ಅವನಿಗೂ ಗೊತ್ತಾಗಲಿಲ್ಲ.

ಈಗ ತಾವು ವಾಸಿಸುವ ಪರದೆಯ ವಿಚಾರ. ಅದು ಸಮುದ್ರದ ಫೋಟೋ ಎಂಬ ಭ್ರಮೆಗೆ ತಾವೇ ಮುಖ್ಯ ಕಾರಣ. ನಿಜದಲ್ಲಿ ಅದು ಇಸಿಜಿ ಕಾಗದದ ಹಾಗೆ: ಬಲತುದಿಯ ಒಂದು ಸಣ್ಣ ಪಟ್ಟಿ ಮಾತ್ರ ಈ ಕ್ಷಣದ್ದು, ಎಡಕ್ಕೆ ಸರಿದದ್ದೆಲ್ಲ ಆಗಿಹೋದದ್ದು. ತಾವು ಪರದೆಯ ಎಡಬದಿಯಲ್ಲಿದ್ದೀರೆಂದು ದೋಣಿಯ ಎಡಬದಿಗೆ ಬಲೆ ಬಿಟ್ಟವರುಂಟು! ದೋಣಿ ನಿಂತರೂ ಚಿತ್ರ ಓಡುತ್ತಲೇ ಇರುತ್ತದೆ. ಆಗ ಕೆಳಗೆ ಸುಮ್ಮನೆ ನಿಂತ ಒಂದು ಬಡಪಾಯಿ ಮೀನು ಪರದೆಯ ಉದ್ದಕ್ಕೂ ಗೆರೆ ಎಳೆದುಬಿಡುತ್ತದೆ. ಅದು ತಿಮಿಂಗಿಲವಲ್ಲ.

ತಲೆಯ ಮೇಲೆ ಹೊತ್ತುಕೊಂಡ ಆ 12.4 ಕೂಡ ಪೂರ್ತಿ ಸತ್ಯವಲ್ಲ. ಉಪ್ಪುನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗುತ್ತದೆ. ಇಪ್ಪತ್ತು ಮೀಟರ್, ಅಂದರೆ ದೋಣಿ ನಡೆಸುವ ನಮ್ಮ ತಾಂಡೇಲರ ಲೆಕ್ಕದಲ್ಲಿ ಹನ್ನೊಂದು ಮಾರು ನೀರಿನ ತಳ ಮುಟ್ಟಿ ಬರಲು ಅದಕ್ಕೆ ಸೆಕೆಂಡಿನ 0.027 ಭಾಗ ಸಾಕು. ಯಂತ್ರಕ್ಕೆ ತಿಳಿಯುವುದು ಆ ಹೊತ್ತು, ಮರಳಿದ ಸದ್ದಿನ ಜೋರು, ಇಷ್ಟೇ. ಸದ್ದು ಯಾವ ದಿಕ್ಕಿನಿಂದ ಮರಳಿತು ಎಂಬುದು ಅದಕ್ಕೆ ತಿಳಿಯದು. ಸದ್ದು ಕೆಳಗೆ ಹೋದಂತೆ ಹರಡುತ್ತದೆ. ಇಪ್ಪತ್ತು ಡಿಗ್ರಿ ಕೋನದ ಟ್ರಾನ್ಸ್‌ಡ್ಯೂಸರಾದರೆ ಆ ಇಪ್ಪತ್ತು ಮೀಟರ್ ಆಳದಲ್ಲಿ ಏಳು ಮೀಟರ್ ಅಗಲದ ವೃತ್ತ. 50 ಕಿಲೋಹರ್ಟ್ಜ್‌ನ ತಗ್ಗಿನ ಸದ್ದಿನಲ್ಲಿ ಕೋನ 45 ಡಿಗ್ರಿ ಇದ್ದರೆ ಹದಿನಾರು ಮೀಟರಿಗೂ ಮೇಲೆ. ಅದರೊಳಗೆ ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ ಎಲ್ಲಿದ್ದರೂ ತಾವು ದೋಣಿಯ ಬುಡದಲ್ಲೇ ಇದ್ದವರಂತೆ ಹಾಜರಿ ಹಾಕುತ್ತೀರಿ.

ನಿಜವಾದ ಮೀನು ಬರೆಯುವುದು ಕಮಾನು. ಕೋನದ ಅಂಚಿನಲ್ಲಿ ಒಳಗೆ ಬರುವಾಗ ದೂರ ಹೆಚ್ಚು, ನಡುವೆ ಕಡಿಮೆ, ಹೊರಗೆ ಹೋಗುವಾಗ ಮತ್ತೆ ಹೆಚ್ಚು. ಅಷ್ಟೇ ಹೊರತು ಮೀನು ಬೆನ್ನು ಬಗ್ಗಿಸಿದ್ದಲ್ಲ. ಕಮಾನು ಉದ್ದವಾದದ್ದು ದೋಣಿ ನಿಧಾನ ಹೋದದ್ದಕ್ಕೆ. ಗಾತ್ರ ತಿಳಿಯಬೇಕಾದರೆ ದಪ್ಪ ನೋಡಬೇಕು. ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಸದ್ದನ್ನು ಜೋರಾಗಿ ಹಿಂದಕ್ಕೆ ಎಸೆಯುವುದು ಮಾಂಸವಲ್ಲ, ಹೊಟ್ಟೆಯೊಳಗಿನ ಗಾಳಿಚೀಲ. ಅದಿಲ್ಲದ ಶಾರ್ಕ್, ಬೊಂಡಾಸ್ ಮುಂತಾದವು ಮೈಗೆ ತಕ್ಕಷ್ಟು ಸದ್ದು ಮರಳಿಸುವುದಿಲ್ಲ. ಕೋನದ ನಟ್ಟನಡುವೆ ಸಿಕ್ಕ ಸಣ್ಣ ಮೀನಿಗೆ ತಾವು ದೊಡ್ಡ ಚಿತ್ರದ ಬಡ್ತಿ ಕೊಡುತ್ತೀರಿ, ಅಂಚಿನಲ್ಲಿ ಹಾದ ದೊಡ್ಡದಕ್ಕೆ ಸಣ್ಣ ಚಿತ್ರ. ಇದು ಯಾವ ನ್ಯಾಯ, ಸ್ವಾಮಿ? ಬೂತಾಯಿ ಒತ್ತೊತ್ತಾಗಿ ಹಿಂಡುಗಟ್ಟಿದಾಗ ಪರದೆಯಲ್ಲಿ ಕಾಣಬೇಕಾದದ್ದು ಒಂದು ದಟ್ಟ ಮುದ್ದೆ. ಎಷ್ಟೋ ಸಲ ಆ ಮುದ್ದೆಯೇ ಒಳ್ಳೆಯ ಸುದ್ದಿ. ಅಂಥ ಹೊತ್ತಿನಲ್ಲೇ ತಾವು ಒಂದೋ ಮಾಯವಾಗುತ್ತೀರಿ, ಇಲ್ಲವೇ ನಾಲ್ಕೇ ನಾಲ್ಕು ಚಿತ್ರವಾಗಿ ಹಂಚಿಹೋಗುತ್ತೀರಿ. ಅದೇ ಒಂದು ಪ್ಲಾಸ್ಟಿಕ್ ಚೀಲ ತೇಲಿದರೆ, ಗಾಳಿಗುಳ್ಳೆ ಎದ್ದರೆ, ತಮ್ಮ ಉತ್ಸಾಹಕ್ಕೆ ಮಿತಿಯೇ ಇಲ್ಲ.

ತಳದ ಸಂಗತಿಯನ್ನು ತಾವು ಎತ್ತುವುದೇ ಇಲ್ಲ, ಅದಕ್ಕೇ ಹೇಳುತ್ತೇನೆ. ಅಗಲ ಕೋನದಲ್ಲಿ, ಇಪ್ಪತ್ತು ಮೀಟರ್ ಆಳದ ಜಾಗದಲ್ಲಿ, ತಳದಿಂದ ಒಂದು ಮೀಟರ್ ಮೇಲೆ ಅಂಚಿನಲ್ಲಿರುವ ಮೀನಿಗೆ ಓರೆ ದೂರ ಇಪ್ಪತ್ತೂವರೆ ಮೀಟರ್. ಅದರ ಪ್ರತಿಧ್ವನಿ ಬರುವಷ್ಟರಲ್ಲಿ ತಳದ್ದು ಬಂದಾಗಿರುತ್ತದೆ. ಮೀನು ತಳದ ದಪ್ಪ ಗೆರೆಯೊಳಗೆ ಹೂತುಹೋಗುತ್ತದೆ. ತಳಕ್ಕೆ ಅಂಟಿಕೊಂಡ ಮೀನು ಬೇಕಾದವನಿಗೆ 200 ಕಿಲೋಹರ್ಟ್ಜ್‌ನ ಕಿರಿದಾದ ಕೋನವೇ ಗತಿ. ಗೆರೆ ದಪ್ಪಗೆ ಹೊಳೆದು, ಎರಡು ಪಟ್ಟು ಆಳದಲ್ಲಿ ಅದರ ನೆರಳಿನಂಥ ಇನ್ನೊಂದು ಗೆರೆ ಬಿದ್ದರೆ ಕೆಳಗೆ ಕಲ್ಲು; ತೆಳ್ಳಗೆ ಮಂಕಾಗಿದ್ದರೆ ಕೆಸರು. ಬಲೆ ಹರಿಯದಂತೆ ಕಾಯುವುದು ಆ ಎರಡನೆಯ ಗೆರೆ. ಅದಕ್ಕೆ ಯಾರೂ ಬಾಲ ಅಂಟಿಸಿಲ್ಲ, ಹಾಗಾಗಿ ಯಾರೂ ನೋಡುವುದಿಲ್ಲ.

ಎಲ್ಲ ತಪ್ಪೂ ತಮ್ಮದೇ ಎಂದರೆ ಅನ್ಯಾಯವಾದೀತು. ತಮಗೆ ತಿನ್ನಲು ಕೊಡುವವರು ನಾವೇ. ಮೊನ್ನೆ ಒಂದು ಫೈಬರ್ ದೋಣಿಯನ್ನು ಮರಳಿಗೆ ಎಳೆಸಿ ಹಿಂದಿನ ಹಲಗೆ ನೋಡಿದೆ. ಟ್ರಾನ್ಸ್‌ಡ್ಯೂಸರಿನ ಮುಖಕ್ಕೆ ದೋಣಿಗೆ ಬಳಿಯುವ ತಾಮ್ರದ ಕೆಂಪು ಪೇಂಟನ್ನೇ ಎರಡು ಕೋಟು ಬಳಿದಿದ್ದರು. ಅದರ ಮೇಲೆ ಬಟಾಣಿ ಗಾತ್ರದ ಚಿಪ್ಪುಗಳು. ಮುಂದೆ ನೇರದಲ್ಲಿ ದೋಣಿಯ ಅಡಿಯ ಒಂದು ಉಬ್ಬು ಪಟ್ಟಿ. ದೋಣಿ ಓಡುವಾಗ ಅಲ್ಲಿಂದ ಏಳುವ ಗುಳ್ಳೆಗಳೆಲ್ಲ ಸೀದಾ ಟ್ರಾನ್ಸ್‌ಡ್ಯೂಸರಿನ ಮುಖಕ್ಕೇ. ಗುಳ್ಳೆಯ ಗಾಳಿಗೂ ಗಾಳಿಚೀಲದ ಗಾಳಿಗೂ ಸದ್ದು ಭೇದ ಎಣಿಸುವುದಿಲ್ಲ. ಚಿಪ್ಪು ಕೆತ್ತಿ, ಪೇಂಟು ಮೆತ್ತಗೆ ಉಜ್ಜಿ ತೆಗೆದು, ಜಿಡ್ಡು ಹೋಗುವಂತೆ ಸೋಪಿನಲ್ಲಿ ತೊಳೆದೆ. ಉಬ್ಬು ಪಟ್ಟಿಯ ನೇರ ತಪ್ಪಿಸಿ ಬಲಬದಿಗೆ ಸರಿಸಿದೆ, ಪ್ರೊಪೆಲರಿನಿಂದ ಒಂದೂಕಾಲು ಅಡಿಗೂ ಆಚೆ. ಹಿಂದಿನಿಂದ ನೋಡಿದರೆ ಗಡಿಯಾರದಂತೆ ತಿರುಗುವ ಪ್ರೊಪೆಲರಾದ್ದರಿಂದ ಆ ಬದಿಯಲ್ಲಿ ಎಲೆ ಕೆಳಮುಖವಾಗಿ ಹೋಗುತ್ತದೆ, ಗುಳ್ಳೆಯ ಕಾಟ ಕಡಿಮೆ. ಮುಖ ದೋಣಿಯ ಅಡಿಗಿಂತ ಒಂದು ನೂಲು ಕೆಳಗೆ ಇಳಿದು, ನೇರ ಕೆಳಗೆ ನೋಡುತ್ತಿರಬೇಕು.

ಮಾಲೀಕನ ವಾದ, ಸಾಫ್ಟ್‌ವೇರ್ ಹಳೆಯದು ಅಂತ. ನಾನು ದೋಣಿಯನ್ನು ನೀರಿಗಿಳಿಸಿ ಕಟ್ಟಿಹಾಕಿಯೇ ಎಂಜಿನ್ನಿನ ವೇಗ ಏರಿಸಿಳಿಸಿದೆ. ಪರದೆಯ ಮೇಲೆ ರವೆ ಚೆಲ್ಲಿದ ಹಾಗೆ ಚುಕ್ಕೆ ಬಿತ್ತು, ಎಂಜಿನ್ ಏರಿದಂತೆ ಚುಕ್ಕೆಯೂ ಏರಿತು. ದೋಣಿ ಅಲ್ಲಾಡದೆಯೇ ಹೀಗಾದರೆ ಅದು ಕರೆಂಟಿನ ಗಲಾಟೆ. ಓಡಿದಾಗ ಮಾತ್ರ ಆದರೆ ಗುಳ್ಳೆಯದು. ಇವನು ಯಂತ್ರದ ವಯರನ್ನು ಎಂಜಿನ್ನಿನ ವಯರಿನ ಜೊತೆಗೇ ಸುತ್ತಿ, ಲೈಟು, ನೀರೆತ್ತುವ ಪಂಪು ಎಲ್ಲದರ ಸಂಗಡ ಒಂದೇ ಕಡೆ ಗಂಟು ಹಾಕಿದ್ದ. ಫ್ಯೂಸ್ ಹಾಕಿ ಬ್ಯಾಟರಿಯಿಂದಲೇ ಬೇರೆ ಲೈನ್ ಎಳೆದೆ, ಟ್ರಾನ್ಸ್‌ಡ್ಯೂಸರಿನ ವಯರನ್ನು ಇನ್ನೊಂದು ಬದಿಯಿಂದ ತಂದೆ. ಹೆಚ್ಚಾದ ವಯರನ್ನು ಕತ್ತರಿಸಲಿಲ್ಲ. ಕತ್ತರಿಸಿ ಸೇರಿಸಿದರೆ ಅಲ್ಲೇ ಹೊಸ ರಗಳೆ. ಆಮೇಲೆ ಪ್ರತಿಧ್ವನಿಯನ್ನು ಹಿಗ್ಗಿಸುವ ಗೇನ್ ಅನ್ನು ಆಟೋದಿಂದ ಬಿಡಿಸಿ, ಚುಕ್ಕೆ ಏಳುವವರೆಗೆ ಏರಿಸಿ, ಒಂಚೂರು ಇಳಿಸಿದೆ. ಒಳ್ಳೆಯ ಚಿತ್ರದಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಇರಲೇಬೇಕು. ಪರದೆ ಪೂರಾ ಶುಭ್ರವಾಗಿದ್ದರೆ ಮೀನನ್ನೂ ಗುಡಿಸಿ ಹಾಕಿದ್ದೇವೆಂದು ಅರ್ಥ. ಹೋಗಬೇಕಾದ ಜಾಗ ಹೇಳುವುದಕ್ಕೆ ಬೇರೆಯವರಿದ್ದಾರೆ: ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಉಪಗ್ರಹದ ಕಣ್ಣಿನಿಂದ ನೀರಿನ ಬಿಸುಪು, ಹಸಿರು ನೋಡಿ ಮೀನು ಸಿಗಬಹುದಾದ ಜಾಗ ಹೇಳುತ್ತದೆ. ಅಲ್ಲಿಗೆ ಹೋದ ಮೇಲೆ ಬುಡದಲ್ಲಿ ಏನಿದೆ ಎಂದು ಕೇಳುವುದಕ್ಕೆ ಇರುವುದು ಈ ಒಂದು ಕಿವಿ. ಅದನ್ನು ತೊಳೆಯದೆ ಸಾಫ್ಟ್‌ವೇರ್ ಬದಲಿಸಿ ಏನು ಬಂತು?

ಕೊನೆಯಲ್ಲಿ ಆ ದೋಣಿಯ ಮೆನುವಿಗೆ ಹೋಗಿ ತಮ್ಮನ್ನು ಆಫ್ ಮಾಡಿದೆ. ತಾವು ಬಂದಾಗಲೆಲ್ಲ ಬಾರಿಸುತ್ತಿದ್ದ ಗಂಟೆಯನ್ನೂ. ಮಾಲೀಕನ ಮುಖ ಸಪ್ಪಗಾಯಿತು, ದುಡ್ಡು ಕೊಟ್ಟು ಮೀನು ಕಳೆದುಕೊಂಡವನಂತೆ ನೋಡಿದ. ಇದೇ ಆದೇಶ ಹಂತಹಂತವಾಗಿ ಬಂದರಿನ ಉಳಿದ ದೋಣಿಗಳಿಗೂ ಅನ್ವಯವಾಗಲಿದೆ ಎಂದು ತಮ್ಮ ಗಮನಕ್ಕೆ ತರುತ್ತೇನೆ. ಯಾರಾದರೂ ಹುಡುಗರು ಫ್ಯಾಕ್ಟರಿ ರೀಸೆಟ್ ಒತ್ತಿದರೆ ತಾವು ಮರಳಿ ಬಂದುಬಿಡುತ್ತೀರೆಂಬುದು ನನಗೆ ಗೊತ್ತಿದೆ. ಗೊತ್ತಿಲ್ಲದವರಂತೆ ತಾವು ನಟಿಸಬೇಡಿ.

ಇಂತಿ,
ತಮ್ಮ ಹಿತೈಷಿಯಲ್ಲದ
ವಯರು ಜೋಡಿಸುವವ

ತಾ.ಕ.: ಆಕ್ಷೇಪಣೆಗಳೇನಾದರೂ ಇದ್ದಲ್ಲಿ 200 ಕಿಲೋಹರ್ಟ್ಜ್‌ನಲ್ಲೇ ಕಳಿಸತಕ್ಕದ್ದು. 50ರಲ್ಲಿ ಕಳಿಸಿದರೆ ಪಕ್ಕದ ದೋಣಿಯವರ ಪರದೆಯಲ್ಲೂ ಗೀಟು ಬೀಳುತ್ತದೆ, ಅವರು ಅದನ್ನೂ ಮೀನೆಂದುಕೊಂಡು ಬಲೆ ಬಿಡುತ್ತಾರೆ.