ಸೊಸೈಟಿಗೆ ಹೋಗಿ ಬಂದೆ

“ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಬೇಕು ಅಂತಿದೀನಿ” ಎಂದು ಒಂದು ಭಾನುವಾರ ಬೆಳಿಗ್ಗೆ ದೋಸೆ ಮಗುಚುತ್ತಾ ಘೋಷಿಸಿದೆ. ದೋಸೆ ಹರಿಯಿತು. ಅದನ್ನು ಶಕುನವೆಂದು ತಿಳಿಯುವಷ್ಟು ಬುದ್ಧಿ ಆಗ ನನಗಿರಲಿಲ್ಲ.

“ಅದೇನಮ್ಮ ಅದು?” ಅಂದರು ಅತ್ತೆ.

“ಸೋಷಿಯಾಲಜಿ ಅತ್ತೆ. ಸೊಸೈಟಿ ಬಗ್ಗೆ ಓದೋದು.”

“ಸೊಸೈಟಿ ಬಗ್ಗೆ ಓದೋಕೆ ಏನಿದೆ? ಕಾರ್ಡ್ ತಗೊಂಡು ಹೋಗಿ ಹೆಬ್ಬೆಟ್ಟು ಒತ್ತಿದ್ರೆ ಅಕ್ಕಿ ಕೊಡ್ತಾನೆ. ಸರ್ವರ್ ಇಲ್ಲ ಅಂದ್ರೆ ನಾಳೆ ಬಾ ಅಂತಾನೆ. ಇಷ್ಟೇ ತಾನೆ?”

ನಮ್ಮ ಕಡೆ ಸೊಸೈಟಿ ಅಂದರೆ ನ್ಯಾಯಬೆಲೆ ಅಂಗಡಿ. ಅತ್ತೆಯ ಅಜ್ಞಾನಕ್ಕೆ ಮನಸ್ಸಿನಲ್ಲೇ ಮುಗುಳ್ನಕ್ಕೆ. ಗಂಡ ಪೇಪರಿನಿಂದ ತಲೆ ಎತ್ತದೆ “ಫೀಸು ಎಷ್ಟು?” ಅಂದರು. ಕಾರ್ಲ್ ಮಾರ್ಕ್ಸ್ ಅಲ್ಲಿದ್ದಿದ್ದರೆ ಬೆನ್ನು ತಟ್ಟುತ್ತಿದ್ದ. ಯಾವ ದೊಡ್ಡ ಮಾತಿನ ಬುಡ ಕೆದಕಿದರೂ ದುಡ್ಡಿನ ಲೆಕ್ಕವೇ ಸಿಗುತ್ತದೆ ಎಂದು ಆತ ಬರೆದದ್ದನ್ನು ನಮ್ಮವರು ಎರಡೇ ಪದದಲ್ಲಿ ಮುಗಿಸಿದ್ದರು.

ನನಗೆ ನಲವತ್ತಾರು. ಮಗಳು ಎಂಜಿನಿಯರಿಂಗ್ ಹಾಸ್ಟೆಲ್ ಸೇರಿದ ಮೇಲೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗಿನ ಹೊತ್ತು ಖಾಲಿ ಬಿದ್ದಿತ್ತು. 1999ರಲ್ಲಿ ಬಿ.ಎ. ಮುಗಿಸಿದ್ದೆ, ಎಚ್‌ಇಎಸ್ ಕಾಂಬಿನೇಷನ್. ಅದರಲ್ಲಿ ಎಸ್ ಅಂದರೆ ಸೋಷಿಯಾಲಜಿ, ಸುಲಭವಾಗಿ ಪಾಸಾಗಬಹುದು ಎಂದು ಸೀನಿಯರ್‌ಗಳು ಹೇಳಿದ್ದಕ್ಕೆ ತೆಗೆದುಕೊಂಡದ್ದು. ಆದರೆ ಈಗಿನ ನನ್ನ ಅರ್ಹತೆಯೇ ಬೇರೆ. ನಮ್ಮ ಬೀದಿಯ ನಲವತ್ತು ಮನೆಗಳಲ್ಲಿ ಯಾರ ಕಾರಿಗೆ ಎಷ್ಟು ಕಂತು ಬಾಕಿ, ಯಾರ ಮನೆ ಗೃಹಪ್ರವೇಶಕ್ಕೆ ಯಾವ ನಾದಿನಿ ಬರಲಿಲ್ಲ, ಏಕೆ ಬರಲಿಲ್ಲ, ಬಂದಿದ್ದರೆ ಏನಾಗುತ್ತಿತ್ತು ಎಂಬುದೆಲ್ಲ ನನಗೆ ಗೊತ್ತು. ಮಲಿನೋವ್‌ಸ್ಕಿ ಎಂಬ ಮಹಾಶಯ ಮೊದಲ ಮಹಾಯುದ್ಧದ ಕಾಲದಲ್ಲಿ ಟ್ರೋಬ್ರಿಯಾಂಡ್ ದ್ವೀಪಗಳಿಗೆ ಹೋಗಿ, ಅಲ್ಲಿಯ ಜನರ ನಡುವೆಯೇ ಡೇರೆ ಹೊಡೆದು, ಅವರ ಬದುಕನ್ನು ಗಮನಿಸಿ ಜಗತ್ಪ್ರಸಿದ್ಧನಾದ. ನಾನು ಅದನ್ನೇ ದಿನಾ ಬೆಳಿಗ್ಗೆ ರಂಗೋಲಿ ಹಾಕುವಾಗ ಡೇರೆಯ ಖರ್ಚೂ ಇಲ್ಲದೆ ಮಾಡುತ್ತಿದ್ದೆ. ಅವನದಕ್ಕೆ ಕ್ಷೇತ್ರಕಾರ್ಯ ಎಂದು ಹೆಸರು. ನನ್ನದಕ್ಕೆ ಗಂಡ ಇಟ್ಟಿರುವ ಹೆಸರು ಬೇರೆ.

ಸೀಟು ಕೊಡುವುದು ಡಿಗ್ರಿ ಅಂಕಗಳ ಮೇಲೆ. ಆದರೂ ಕೌನ್ಸೆಲಿಂಗ್ ಅಂದರೆ ಪ್ರೊಫೆಸರುಗಳು ಎದುರಿಗೆ ಕೂರಿಸಿಕೊಂಡು “ಸಮಾಜ ಎಂದರೇನು?” ಎಂದು ಕೇಳುತ್ತಾರೆ ಎಂದು ನನಗೆ ನಾನೇ ತೀರ್ಮಾನಿಸಿಕೊಂಡು ತಯಾರಿಗೆ ಕೂತೆ. ಮೊದಲು ಕೈಗೆತ್ತಿಕೊಂಡದ್ದು ಫ್ರಾನ್ಸಿನ ಡರ್ಖೈಮ್‌ನನ್ನು. 1897ರಲ್ಲಿ ಆತ ಬರೆದ ಪುಸ್ತಕದ ಹೆಸರೇ ‘ಆತ್ಮಹತ್ಯೆ’. ತೀರಾ ಒಬ್ಬರ ಸ್ವಂತದ್ದು ಎಂದು ನಾವು ತಿಳಿಯುವ ದುಃಖದ ಹಿಂದೆಯೂ ಸಮಾಜ ನಿಂತಿರುತ್ತದೆ, ಮನೆಮಂದಿಯೊಂದಿಗೆ ಊರಿನೊಂದಿಗೆ ಹೊಸೆದುಕೊಂಡವರು ಒಂಟಿಯಾದವರಿಗಿಂತ ಗಟ್ಟಿ ಎಂದು ಅಂಕಿ-ಅಂಶ ಇಟ್ಟು ವಾದಿಸಿದ ಪುಸ್ತಕ ಅದು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ‘ಆತ್ಮಹತ್ಯೆ – ನಾಲ್ಕು ವಿಧ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಅಷ್ಟರಲ್ಲಿ ಕುಕ್ಕರ್ ಕೂಗಿತು. ನೋಟ್‌ಬುಕ್ ತೆರೆದಿಟ್ಟು ಎದ್ದುಹೋದೆ.

ಏಳಕ್ಕೆ ಮುಂಚೆ ಎಂದೂ ಮನೆ ಸೇರದ ಗಂಡ ಅಂದು ಮೂರೂವರೆಗೇ ಬಂದರು. ಬಂದವರು ಕಾಫಿ ಕುಡಿದು ಲೋಟವನ್ನು ತಾವೇ ತೊಳೆದಿಟ್ಟರು. ಮದುವೆಯಾದ ಇಪ್ಪತ್ತಮೂರು ವರ್ಷಗಳಲ್ಲಿ ಇದು ಮೊದಲು. ಇವರಿಗೇ ಏನೋ ಕಾಯಿಲೆ, ಡಾಕ್ಟರು ಏನೋ ಹೇಳಿದ್ದಾರೆ, ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ನನ್ನ ಎದೆ ಹೊಡೆದುಕೊಂಡಿತು. ಐದು ಗಂಟೆಗೆ ಪಕ್ಕದ ಮನೆಯವರು ಸುಮ್ಮನೆ ಬಂದು ಸುಮ್ಮನೆ ಕೂತರು. ಆರು ಗಂಟೆ ಬಸ್ಸಿಗೆ ಊರಿನಿಂದ ಅಣ್ಣ ಅತ್ತಿಗೆ ಬಂದರು, ಜೊತೆಗೆ ಅಮ್ಮ, ಅಮ್ಮನ ಕೈಯಲ್ಲಿ ಚಕ್ಕುಲಿ ಡಬ್ಬಿ. ಅಮ್ಮ ನನ್ನ ತಲೆ ಸವರಿ “ಏನೇ ಇದ್ರೂ ಬಾಯಿಬಿಟ್ಟು ಹೇಳ್ಕೊಳ್ಳೇ” ಅಂದಳು. ಎಂಟು ಗಂಟೆಗೆ ಹಾಲ್‌ನಲ್ಲಿ ಹನ್ನೊಂದು ಜನ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಯಾರೂ ಏನೂ ಹೇಳುತ್ತಿಲ್ಲ. ಕೊನೆಗೆ ಅತ್ತೆ ನಡುಗುವ ಕೈಯಲ್ಲಿ ನೋಟ್‌ಬುಕ್ ತಂದು ಮುಂದಿಟ್ಟರು.

ಮನೆಮಂದಿ ನಕ್ಕು ಸುಸ್ತಾದ ಮೇಲೆ ಹನ್ನೊಂದು ಜನಕ್ಕೂ ನಾನೇ ಉಪ್ಪಿಟ್ಟು ಕೆದಕಿದೆ. ಡರ್ಖೈಮ್ ಒಂದಿಡೀ ಪುಸ್ತಕ ಬರೆದು ವಾದಿಸಿದ್ದನ್ನು ನಮ್ಮತ್ತೆ ನಾಲ್ಕು ಫೋನ್ ಕರೆಯಲ್ಲಿ ಮಾಡಿ ತೋರಿಸಿದ್ದರು.

ಇನ್ನು ದಾಖಲೆಗಳ ಬೇಟೆ. ಮೊದಲು ಟಿ.ಸಿ. ಡಿಗ್ರಿ ಮುಗಿದ ಮೇಲೆ ನಾನದನ್ನು ತೆಗೆದುಕೊಂಡೇ ಇರಲಿಲ್ಲ. ಮದುವೆಗೆ ಯಾರೂ ಟಿ.ಸಿ. ಕೇಳಿರಲಿಲ್ಲ. ಕಾಲೇಜಿಗೆ ಹೋದರೆ ಗುಮಾಸ್ತರು ದಪ್ಪ ಲೆಡ್ಜರ್ ಕೊಡವಿ, ಧೂಳಿಗೆ ಸೀನಿ, “ಲೈಬ್ರರಿ ಪುಸ್ತಕ ಒಂದು ಬಾಕಿ ಇದೆಯಲ್ಲಮ್ಮ” ಅಂದರು. ದಿನಕ್ಕೆ ಇಪ್ಪತ್ತೈದು ಪೈಸೆ ದಂಡದಂತೆ ಇಪ್ಪತ್ತೈದು ವರ್ಷಕ್ಕೆ ನಿಂತಲ್ಲೇ ಲೆಕ್ಕ ಹಾಕಿದೆ. 2,280 ರೂಪಾಯಿ ದಾಟಿತು. “ಸಾರ್, ನನ್ನ ಮುಖ ನೋಡಿ ಹೇಳಿ, ನಾನು ಪುಸ್ತಕ ಕದಿಯೋಳ ಥರ ಕಾಣ್ತೀನಾ?” ಎಂದೆ. “ಮುಖ ನೋಡಿ ಟಿ.ಸಿ. ಕೊಡಕ್ಕಾಗಲ್ಲಮ್ಮ, ಲೆಡ್ಜರ್ ನೋಡಿ ಕೊಡಬೇಕು” ಅಂದರು. ಜರ್ಮನಿಯ ಮ್ಯಾಕ್ಸ್ ವೇಬರ್ ಅಧಿಕಾರಶಾಹಿಯ ಲಕ್ಷಣಗಳನ್ನು ಪಟ್ಟಿ ಮಾಡಿದ್ದಾನೆ. ಎಲ್ಲವೂ ಕಡತದಲ್ಲಿರಬೇಕು, ನಿಯಮದಂತೆ ನಡೆಯಬೇಕು, ಎದುರಿಗಿರುವವರು ಯಾರೆಂದು ನೋಡಬಾರದು. ಹಿಂದಿನ ರಾತ್ರಿಯಷ್ಟೇ ಅದನ್ನು ಉರುಹೊಡೆದಿದ್ದ ನಾನು ಈಗ ಕಿಟಕಿಯ ಈಚೆ ನಿಂತು ಕಣ್ಣಲ್ಲಿ ನೀರು ತುಂಬಿಕೊಂಡಿದ್ದೆ, ವೇಬರ್ ಹೆಸರೂ ಕೇಳದ ಗುಮಾಸ್ತರು ಕಿಟಕಿಯ ಆಚೆ ಕೂತು ಪಾಠವನ್ನು ಅಕ್ಷರಶಃ ಪಾಲಿಸುತ್ತಿದ್ದರು.

ಪುಸ್ತಕ ಯಾವುದೆಂದು ನೋಡಿದರೆ ಎಂ.ಎನ್. ಶ್ರೀನಿವಾಸರ ‘ದಿ ರಿಮೆಂಬರ್ಡ್ ವಿಲೇಜ್’. ನಮ್ಮ ಮೈಸೂರಿನವರೇ ಆದ ಶ್ರೀನಿವಾಸರು 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಉಳಿದು, ಅದನ್ನು ರಾಂಪುರ ಎಂದು ಕರೆದು ಅಧ್ಯಯನ ಮಾಡಿದರು. ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಇಟ್ಟ ಬೆಂಕಿಗೆ ಆಹುತಿಯಾದವು. ಬೇರೆಯವರಾಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಅವರು ನೆನಪಿನಿಂದಲೇ ಆ ಹಳ್ಳಿಯನ್ನು ಮತ್ತೆ ಕಟ್ಟಿದರು, ಪುಸ್ತಕ 1976ರಲ್ಲಿ ಬಂತು. ಅಂಥ ನೆನಪಿನ ಹಳ್ಳಿಯನ್ನು ನಾನು ನಮ್ಮ ಹಳ್ಳಿಯ ಅಟ್ಟದ ಮೇಲೆ ಮರೆತು ಬಂದಿದ್ದೆ.

ಊರಿಗೆ ಹೋಗಿ ಅಟ್ಟ ಹತ್ತಿದೆ. ಟ್ರಂಕ್ ತೆಗೆದರೆ ಗೆದ್ದಲು ನನಗಿಂತ ಮೊದಲೇ ಅಧ್ಯಯನ ಮುಗಿಸಿತ್ತು. ಶ್ರೀನಿವಾಸರ ಪುಸ್ತಕದಲ್ಲಿ ರಟ್ಟು ಮಾತ್ರ ಉಳಿದಿತ್ತು, ಜೊತೆಗಿದ್ದ ನನ್ನ ಎರಡನೇ ವರ್ಷದ ಅಂಕಪಟ್ಟಿಯಲ್ಲಿ ‘ಒಟ್ಟು’ ಎಂಬ ಪದ ಮಾತ್ರ. ಅವರ ಹಾಗೆ ನಾನೂ ನೆನಪಿನಿಂದ ಕಟ್ಟೋಣವೆಂದು ಅಲ್ಲೇ ಅಟ್ಟದಲ್ಲಿ ಕಣ್ಣುಮುಚ್ಚಿ ಕೂತೆ. ಆ ವರ್ಷದ್ದು ಅಂತ ನೆನಪಾದದ್ದು ಕ್ಯಾಂಟೀನಿನ ಗೋಳಿಬಜೆ ಒಂದೇ. ಹೊಸ ಪುಸ್ತಕ ಕೊಂಡು ಲೈಬ್ರರಿಗೆ ಕೊಟ್ಟೆ, ಅಂಕಪಟ್ಟಿಯ ನಕಲಿಗೆ ಶುಲ್ಕ ಕಟ್ಟಿದೆ. ಗಂಡನ “ಫೀಸು ಎಷ್ಟು?” ಎಂಬ ಪ್ರಶ್ನೆಗೆ ಫೀಸು ಕಟ್ಟುವ ಮೊದಲೇ ಉತ್ತರ ಬೆಳೆಯುತ್ತಿತ್ತು.

ಆಮೇಲೆ ನಾನು ಯಾರು ಎಂಬ ಪ್ರಶ್ನೆ ಎದ್ದಿತು. ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಊರಿನ ಮತ್ತು ಅಪ್ಪನ ಇನಿಷಿಯಲ್. ಆಧಾರ್‌ನಲ್ಲಿ ನನ್ನ ಹೆಸರಿನ ಹಿಂದೆ ಗಂಡ. ಇಬ್ಬರ ನಡುವೆ ಇರುವವಳು ಒಬ್ಬಳೇ ಎಂದು ನಂಬಲು ಯಾವ ಕಂಪ್ಯೂಟರೂ ತಯಾರಿಲ್ಲ. ಕೋರ್ಟಿನ ಮುಂದಿನ ಹೊಂಗೆ ಮರದಡಿಯ ನೋಟರಿಯವರ ಹತ್ತಿರ ಛಾಪಾ ಕಾಗದದ ಮೇಲೆ, ಅವಳು ಮತ್ತು ಇವಳು ಇಬ್ಬರೂ ನಾನೇ, ನನಗೆ ತಿಳಿದ ಮಟ್ಟಿಗೆ ಇದು ಸತ್ಯ ಎಂದು ಪ್ರಮಾಣ ಮಾಡಿದೆ. ನಾನು ನಾನೇ ಎನ್ನುವುದಕ್ಕೆ ಇಬ್ಬರು ಸಾಕ್ಷಿ ಬೇಕಾಯಿತು. ಒಬ್ಬರು ಟೀ ಅಂಗಡಿಯವರು.

ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿ. ಮದುವೆಯಾಗಿ ಎಷ್ಟು ವರ್ಷವಾದರೂ ಜಾತಿಗೆ ಅಪ್ಪನ ಕಡೆಯ ದಾಖಲೆಯೇ ಬೇಕು. ಆದಾಯ ಪ್ರಮಾಣಪತ್ರಕ್ಕೆ ಗಂಡನ ಸಂಬಳ ಬೇಕು. ಗ್ರಾಮೀಣ ವ್ಯಾಸಂಗಕ್ಕೆ, ಕನ್ನಡ ಮಾಧ್ಯಮಕ್ಕೆ ಹೆಡ್‌ಮಾಸ್ಟರ ಸಹಿ, ಅದರ ಮೇಲೆ ಬಿಇಒ ಸಹಿ. ಎಲ್ಲ ಕೂಡಿಸಿಕೊಂಡು ಸೈಬರ್ ಸೆಂಟರಿಗೆ ಹೋದೆ. ಅಲ್ಲಿಯ ಹುಡುಗನಿಗೆ ನನ್ನ ಮಗಳ ವಯಸ್ಸು, ವೇಗ ಮಾತ್ರ ಬಿರುಗಾಳಿಯದು. “ಆಂಟಿ, ಆರ್‌ಡಿ ನಂಬರ್ ಹೇಳಿ. ಆಂಟಿ, ಓಟಿಪಿ ಬಂತಾ? ಆಂಟಿ, ಹೋಯ್ತು, ಇನ್ನೊಂದು ಸಲ ಕಳಿಸ್ತೀನಿ.” ಕೊನೆಗೆ ಫೋಟೊ ಹಾಕಿದ. “ಆಂಟಿ, ತಗೊಳ್ತಿಲ್ಲ. ಐವತ್ತು ಕೆಬಿ ಒಳಗಿರಬೇಕು. ನೀವು ಜಾಸ್ತಿ ಇದೀರಿ.”

ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಫೈಲು ನೋಡಿಕೊಂಡೆ. ಜಾತಿ ಅಪ್ಪನದು, ಆದಾಯ ಗಂಡನದು, ನಾನು ನಾನೇ ಎಂಬ ಸಾಕ್ಷಿ ಟೀ ಅಂಗಡಿಯವರದು. ನನ್ನದು ಅಂತ ಇದ್ದದ್ದು ಒಂದು ಫೋಟೊ. ಅದೂ ಜಾಸ್ತಿಯಾಯಿತು. ಹುಡುಗ ನನ್ನನ್ನು ಕುಗ್ಗಿಸಿ ಕುಗ್ಗಿಸಿ ನಲವತ್ತೆಂಟು ಕೆಬಿಗೆ ಇಳಿಸಿ ಒಳಗೆ ತುರುಕಿದ. “ಕೋರ್ಸ್ ಯಾವುದು ಆಂಟಿ?” “ಸೋಷಿಯಾಲಜಿ.” ಅವನು ‘ಸೋಷಿ’ಯವರೆಗೆ ಟೈಪಿಸಿ, ಪಟ್ಟಿಯಲ್ಲಿ ಮೊದಲು ಬಂದದ್ದನ್ನು ಟಕ್ಕನೆ ಒತ್ತಿದ. ಅರ್ಜಿಯ ಪ್ರಿಂಟ್ ತಂದು ದೇವರ ಮುಂದಿಟ್ಟು ಕುಂಕುಮ ಹಚ್ಚಿದೆ. ಓದುವುದಕ್ಕೇ ಹೊರಟವಳು ನನ್ನ ಅರ್ಜಿಯನ್ನು ಮಾತ್ರ ಓದಲಿಲ್ಲ.

ಕೌನ್ಸೆಲಿಂಗ್ ದಿನ ಕೈಮಗ್ಗದ ಸೀರೆ, ದೊಡ್ಡ ಕಪ್ಪು ಜುಮುಕಿ, ಹೆಗಲಿಗೆ ಸೆಣಬಿನ ಚೀಲ. ಮೇಲಿನವರೆಂದು ಎಣಿಸಿದವರ ಆಚಾರ-ವಿಚಾರ ಅನುಕರಿಸಿ ಕೆಳಗಿನ ಜಾತಿಯವರು ಮೇಲೇರಲು ನೋಡುವುದಕ್ಕೆ ಶ್ರೀನಿವಾಸರು ಸಂಸ್ಕೃತೀಕರಣ ಎಂಬ ಹೆಸರು ಕೊಟ್ಟರು. ನನ್ನದು ಪ್ರೊಫೆಸರೀಕರಣ. ಅನುಕರಣೆ ಎಷ್ಟು ಚೆನ್ನಾಗಿತ್ತೆಂದರೆ ಗೇಟಿನ ಹತ್ತಿರ ನಾಲ್ಕು ಹುಡುಗಿಯರು ಎದ್ದುನಿಂತು “ಮೇಡಂ, ವೆರಿಫಿಕೇಶನ್ ಯಾವ ರೂಮು?” ಎಂದು ಕೇಳಿದರು. ಗೊತ್ತಿಲ್ಲದಿದ್ದರೂ ಗಾಂಭೀರ್ಯದಿಂದ ಎಡಕ್ಕೆ ಕೈ ತೋರಿಸಿದೆ. ಹತ್ತು ನಿಮಿಷದ ಮೇಲೆ ಅವರು ಬಲಗಡೆಯಿಂದ ವಾಪಸ್ ಬಂದು, ಸಾಲಿನಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಆ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಸೆಕ್ಯೂರಿಟಿಯವರಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. “ಪೋಷಕರೆಲ್ಲ ಹೊರಗೆ ಮರದ ಕೆಳಗೆ ಕೂತ್ಕೊಳ್ಳಿ ಅಮ್ಮ, ಮಗಳನ್ನ ಒಳಗೆ ಕಳಿಸಿ” ಅಂದರು. ಹಾಲ್ ಟಿಕೆಟ್ಟಿನಂತೆ ಅರ್ಜಿಯನ್ನು ಎತ್ತಿ ತೋರಿಸಿದೆ. ಕುಂಕುಮ ನೋಡಿ ಒಳಗೆ ಬಿಟ್ಟರು.

ಮೂರು ಗಂಟೆಯ ಮೇಲೆ ನನ್ನ ಸರದಿ. ಮೇಜಿನ ಹಿಂದಿದ್ದ ಹಿರಿಯ ಪ್ರೊಫೆಸರು “ಒರಿಜಿನಲ್ಸ್ ಕೊಡಿ” ಅಂದರು. ಅವರು ಕೇಳಿದ್ದು ಅಷ್ಟೇ. ಆದರೆ ನಾನು ತಿಂಗಳುಗಟ್ಟಲೆ ಕಾದಿಟ್ಟ ಜ್ಞಾನ, ಕುಕ್ಕರಿನ ಹಬೆಯಂತೆ, ತಾನೇ ಹೊರಟಿತು. ಡರ್ಖೈಮ್, ವೇಬರ್, ರಾಂಪುರ, ಬೆಂಕಿ, ಗೆದ್ದಲು ಎಲ್ಲವನ್ನೂ ಐದು ನಿಮಿಷದಲ್ಲಿ ಹೇಳಿ ಮುಗಿಸಿದೆ. ಹಿಂದಿನ ಸಾಲು ನಿಶ್ಶಬ್ದವಾಗಿತ್ತು. ಪ್ರೊಫೆಸರು ಕನ್ನಡಕ ತೆಗೆದು ಒರೆಸಿ, ನನ್ನ ಅರ್ಜಿ ತಿರುವಿ ತಣ್ಣಗೆ ಹೇಳಿದರು:

“ಅಮ್ಮ, ಬಹಳ ಚೆನ್ನಾಗಿ ಓದ್ಕೊಂಡಿದೀರಿ. ಆದ್ರೆ ಇದು ಸಮಾಜಕಾರ್ಯ, ಎಂ.ಎಸ್.ಡಬ್ಲ್ಯು. ನೀವು ಅರ್ಜಿ ಹಾಕಿರೋದೂ ಇದಕ್ಕೇ. ಸಮಾಜಶಾಸ್ತ್ರದ ಕೌನ್ಸೆಲಿಂಗ್ ನಿನ್ನೆ ಮುಗೀತು.”

“ಎರಡಕ್ಕೂ ಏನು ವ್ಯತ್ಯಾಸ ಸಾರ್?” ಎಂದೆ, ಮುಳುಗುವವಳು ಹುಲ್ಲುಕಡ್ಡಿ ಹಿಡಿದಂತೆ.

“ಮಳೆಯಲ್ಲಿ ನೆನೀತಿರೋನ ಹತ್ರ ಕೊಡೆ ಯಾಕಿಲ್ಲ ಅಂತ ಯೋಚಿಸಿದ್ರೆ ಸಮಾಜಶಾಸ್ತ್ರ. ಹೋಗಿ ಕೊಡೆ ಹಿಡಿದ್ರೆ ಸಮಾಜಕಾರ್ಯ.”

ಹಾಗಾದರೆ ಕೊಡೆಯನ್ನಾದರೂ ಹಿಡಿಯೋಣವೆಂದು ಪಟ್ಟಿ ನೋಡಿದರೆ ನನ್ನ ಐವತ್ತೆರಡು ಪರ್ಸೆಂಟಿಗೆ ಅಲ್ಲಿಯೂ ಸೀಟು ಇರಲಿಲ್ಲ. ಹೊರಗೆ ನಿಜವಾಗಿಯೂ ಮಳೆ. ನನ್ನ ಹತ್ತಿರ ಕೊಡೆ ಇರಲಿಲ್ಲ. ಬಸ್ ಸ್ಟಾಪಿನವರೆಗೆ ಯಾಕಿಲ್ಲ ಎಂದು ಯೋಚಿಸುತ್ತಲೇ ನಡೆದೆ. ಫೈಲನ್ನು ಸೆರಗಿನೊಳಗೆ ಅವಚಿಕೊಂಡಿದ್ದೆ, ನಾನು ನೆನೆದರೂ ನಾನು ನಾನೇ ಎಂಬ ದಾಖಲೆ ನೆನೆಯಬಾರದಲ್ಲ.

ಮನೆಗೆ ಬಂದಾಗ ಜಗುಲಿಯಲ್ಲಿ ಅತ್ತೆಯ ಜೊತೆ ಬೀದಿಯ ಮೂವರು ಹೆಂಗಸರು ಕಾಯುತ್ತಿದ್ದರು. ಒಬ್ಬರಿಗೆ ಮಗನ ಆದಾಯ ಪ್ರಮಾಣಪತ್ರ, ಒಬ್ಬರಿಗೆ ವಿಧವಾ ವೇತನದ ಅರ್ಜಿ, ಇನ್ನೊಬ್ಬರಿಗೆ ಆಧಾರ್‌ನಲ್ಲಿ ಅಪ್ಪನೋ ಗಂಡನೋ ಎಂಬ ನನ್ನದೇ ಗೊಂದಲ. “ನಮ್ಮ ಸೊಸೆಗೆ ಎಲ್ಲಾ ಆಫೀಸೂ ಗೊತ್ತು” ಎಂದು ಅತ್ತೆ ತಿಂಗಳಿಂದ ಡಂಗುರ ಹೊಡೆದಿದ್ದರಂತೆ. ತಲೆ ಒರೆಸಿಕೊಂಡು ಕೂತು ಮೂರೂ ಅರ್ಜಿ ತುಂಬಿಸಿದೆ. ನೋಟರಿ ಕೂರುವ ಹೊಂಗೆ ಮರದ ಗುರುತು ಹೇಳಿದೆ, ಸಾಕ್ಷಿಗೆ ಟೀ ಅಂಗಡಿಯವರನ್ನು ಕೇಳಿ ಎಂದೆ. ಮೂರರಲ್ಲೂ ಪ್ರತಿ ಸಾಲನ್ನು ಎರಡೆರಡು ಸಲ ಓದಿದೆ.

ಅವರು ಹೋದ ಮೇಲೆ ಅತ್ತೆ ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕೂತರು.

“ಸೊಸೈಟಿಗೆ ಹೋದೋಳು, ಏನ್ ಕೊಟ್ರಮ್ಮ?”

“ಏನೂ ಕೊಡ್ಲಿಲ್ಲ ಅತ್ತೆ. ಮುಂದಿನ ವರ್ಷ ಬಾ ಅಂದ್ರು.”

“ಹೇಳ್ಲಿಲ್ವಾ ನಾನು?” ಅಂದರು ಅತ್ತೆ. “ಸರ್ವರ್ ಇರಲ್ಲ.”