ಊಟದ ಹೊತ್ತಿಗೆ ಓದಬಾರದ ಪುಸ್ತಕ

ನ್ಯೂಜಿಲೆಂಡಿನ ಟ್ಯಾಮ್ಸಿನ್ ಮ್ಯೂರ್ ಬರೆದ ‘ಗಿಡಿಯನ್ ದ ನೈಂತ್’ 2019ರಲ್ಲಿ ಬಂತು. ಅದರ ನಾಯಕಿಯ ಬಾಯಿಬಡುಕತನಕ್ಕೆ ಮನಸೋತು ಮರುವರ್ಷದ ಮುಂದಿನ ಭಾಗ ‘ಹ್ಯಾರೋ ದ ನೈಂತ್’ ತೆರೆದರೆ, ಗಿಡಿಯನ್‌ಳ ಸುಳಿವೇ ಇಲ್ಲ! ಈ ಭಾಗದ ನಾಯಕಿ, ಮೂಳೆ ಆಡಿಸುವ ಮಾಂತ್ರಿಕೆ ಹ್ಯಾರೋಗೆ ಅವಳ ನೆನಪೂ ಇಲ್ಲ. ಬದಲಿಗೆ ಯಾರೋ ಪುಟಪುಟಕ್ಕೂ ‘ನೀನು, ನೀನು’ ಅನ್ನುತ್ತಾರೆ. ಯಾರಪ್ಪಾ ನೀವು ಅಂದರೆ ಉತ್ತರ ಬಹಳ ದೂರದವರೆಗೆ ಸಿಗದು.

ಪಾತ್ರಗಳೋ, ಒಬ್ಬರನ್ನೂ ಮನೆಗೆ ಕರೆಯುವಂತಿಲ್ಲ. ಹ್ಯಾರೋ ತನ್ನದೇ ಮೂಳೆಯ ಮಜ್ಜೆ ಹಾಕಿ ಸೂಪು ಕಾಯಿಸಿ ಜೊತೆಗಾರನಿಗೆ ಬಡಿಸುತ್ತಾಳೆ. ಆಮೇಲೆ ಅವನ ಹೊಟ್ಟೆಯೊಳಗಿಂದಲೇ ಮೂಳೆ ಎಬ್ಬಿಸುತ್ತಾಳೆ. ಆ ಪುಣ್ಯಾತ್ಮ ಅದಕ್ಕೂ ಸಾಯುವುದಿಲ್ಲ! ಇವರೆಲ್ಲರ ದೇವರ ಹೆಸರು ಜಾನ್, ಕರೆದು ಚಹಾ-ಬಿಸ್ಕತ್ತು ಕೊಡುವವನು.

ಮೊದಲ ಭಾಗ ಓದದೆ ಇದಕ್ಕೆ ಕೈಹಾಕಬೇಡಿ. ಓದಿದ್ದರೂ, ಸಾರು ಕಲಸಿಕೊಳ್ಳುವಾಗ ಮಾತ್ರ ಖಂಡಿತಾ ಬೇಡ.