ಕೆಂಪು ದಿನ ಯಾರದು? 2020ರ ಗೋಡೆ ಕ್ಯಾಲೆಂಡರಿನ ಸಂದರ್ಶನ

ವರ್ಷ ಮುಗಿದ ಕ್ಯಾಲೆಂಡರಿಗೆ ನಮ್ಮಲ್ಲಿ ಎರಡೇ ಗತಿ. ಮಕ್ಕಳ ಪುಸ್ತಕಕ್ಕೆ ಹೊದಿಕೆಯಾಗಬೇಕು, ಇಲ್ಲವೇ ಅಡುಗೆಮನೆ ಕಪಾಟಿನ ಡಬ್ಬಿಗಳ ಕೆಳಗೆ ಮಲಗಬೇಕು. ಆದರೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ, ಅಡುಗೆಮನೆ ಬಾಗಿಲ ಹಿಂದಿನ ಮೊಳೆಯಲ್ಲಿ 2020ರ ಕ್ಯಾಲೆಂಡರ್ ಇನ್ನೂ ತೂಗುತ್ತಿದೆ. ನಂತರದ ವರ್ಷಗಳ ಕ್ಯಾಲೆಂಡರುಗಳೆಲ್ಲ ಅದರ ಬೆನ್ನಿನ ಮೇಲೆ ಕೂತಿವೆ. ಯಾಕೆ ಇಳಿಸಿಲ್ಲ ಎಂದರೆ ಮನೆಯವರು ‘ಯಾವುದೋ ಹಳೇ ಲೆಕ್ಕ ಇದೆ’ ಎನ್ನುತ್ತಾರೆ. ಆ ಲೆಕ್ಕ ಏನೆಂದು ಕ್ಯಾಲೆಂಡರನ್ನೇ ಕೇಳಿದೆವು. ಪಂಚಾಂಗ ಬಲ್ಲವರ ಮಾತು, ಹಾಗಾಗಿ ರಾಹುಕಾಲ ಕಳೆದ ಮೇಲೆಯೇ ಶುರುವಾಯಿತು.

ಪ್ರಶ್ನೆ: ನಮಸ್ಕಾರ. ತಿಥಿ, ನಕ್ಷತ್ರ, ಗ್ರಹಣ ಎಲ್ಲವನ್ನೂ ಒಂದು ವರ್ಷ ಮೊದಲೇ ಹೇಳುವವರು ನೀವು. ಯುಗಾದಿಯ ದಿನವೇ ಕೊರೊನಾದಿಂದ ದೇಶಕ್ಕೆ ಬೀಗ ಬೀಳುತ್ತದೆಂದು ತಮಗೆ ಗೊತ್ತಾಗಲಿಲ್ಲವೇ?

ಕ್ಯಾಲೆಂಡರ್: ಮಾರ್ಚ್ 25ರ ಚೌಕ ನೋಡಿ. ಬುಧವಾರ, ಶಾರ್ವರಿ ಸಂವತ್ಸರ, ಚೈತ್ರ ಶುದ್ಧ ಪಾಡ್ಯ, ರಾಹುಕಾಲ 12ರಿಂದ 1.30. ಒಂದೂವರೆ ಗಂಟೆಯ ಕೇಡನ್ನು ಅಚ್ಚು ಹಾಕಿದವರು ಇಪ್ಪತ್ತೊಂದು ದಿನದ ಕೇಡನ್ನು ಬಿಟ್ಟುಬಿಟ್ಟಿದ್ದರು. ಹಿಂದಿನ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಹೇಳಿದಾಗಲೇ ನನಗೂ ತಿಳಿದದ್ದು. ಒಬ್ಬಟ್ಟಿಗೆ ಕಡಲೆಬೇಳೆ, ಬೆಲ್ಲ ಎಲ್ಲ ಬಂದಿತ್ತು. ಹೂರಣ ಅರೆದುಕೊಡುವಾಕೆ ಮಾತ್ರ ಗೇಟಿನ ಹೊರಗೆ ಉಳಿದಳು.

ಪ್ರಶ್ನೆ: ಪಂಚಾಂಗ ಬಿಟ್ಟರೆ ತಮ್ಮ ಮೈಮೇಲೆ ಇನ್ನೇನು ಬರೆದಿದ್ದಾರೆ?

ಕ್ಯಾಲೆಂಡರ್: ಇಡೀ ಸಂಸಾರವೇ ಇದೆ. ಗ್ಯಾಸ್ ಬಂದ ದಿನ, ಹೆಚ್ಚುವರಿ ಅರ್ಧ ಲೀಟರ್ ಹಾಲು, ಬ್ಯಾಂಕಿಗೆ ರಜೆ ಎಂದು ಎರಡನೇ ಮತ್ತು ನಾಲ್ಕನೇ ಶನಿವಾರಕ್ಕೆ ಒಂದು ಸುತ್ತು. ಇಸ್ತ್ರಿಗೆ ಕೊಟ್ಟ ಬಟ್ಟೆಯ ಲೆಕ್ಕ ಅಂಚಿನಲ್ಲಿ. ಕೆಲಸದಾಕೆ ಬಾರದ ದಿನಕ್ಕೆ ಕೆಂಪು ಪೆನ್ನಿನ ಇಂಟು ಗುರುತು. ಕಾರು ಒರೆಸುವವನು ಬಾರದಿದ್ದರೆ ‘ಕಾ’, ನಾಯಿಯನ್ನು ವಾಕಿಂಗ್ ಕರೆದೊಯ್ಯುವ ಹುಡುಗ ಬಾರದಿದ್ದರೆ ‘ನಾ’. ಒಂದು ವಿಶೇಷ ಗಮನಿಸಿ. ಬಂದು ದುಡಿದ ದಿನಕ್ಕೆ ನನ್ನಲ್ಲಿ ಯಾವ ಗುರುತೂ ಇಲ್ಲ. ಬಾರದ ದಿನಕ್ಕೆ ಮಾತ್ರ ಇತಿಹಾಸವಿದೆ.

ಪ್ರಶ್ನೆ: ಇಂಟು ಗುರುತಿಗೆ ಏನು ಬೆಲೆ?

ಕ್ಯಾಲೆಂಡರ್: ಅದು ತಿಂಗಳ ಮೇಲೆ ಹೋಗುತ್ತದೆ. 2020 ಅಧಿಕ ವರ್ಷ. ಫೆಬ್ರುವರಿ 29ರಂದೂ ಆಕೆ ಬಂದು ಪಾತ್ರೆ ತೊಳೆದು, ನೆಲ ಒರೆಸಿ ಹೋದಳು. ಸಂಬಳ ಅದೇ 3,100 ರೂಪಾಯಿ. ‘ತಿಂಗಳ ಸಂಬಳ ತಾನೇ, ದಿನದ ಲೆಕ್ಕ ಯಾಕೆ’ ಎಂದರು ಯಜಮಾನರು. ಮಾರ್ಚ್ 21ರವರೆಗೆ ಒಂದು ದಿನವೂ ತಪ್ಪಿಸದೆ ಬಂದಳು. 22 ಜನತಾ ಕರ್ಫ್ಯೂ. 23ರಿಂದ ಅಪಾರ್ಟ್‌ಮೆಂಟ್ ಸಂಘದವರು ಗೇಟಿಗೆ ನೋಟಿಸು ಅಂಟಿಸಿದರು. ತಿಂಗಳ ಕೊನೆಗೆ ಯಜಮಾನರು ಮೊಬೈಲ್ ತೆಗೆದು 3,100ನ್ನು 31ರಿಂದ ಭಾಗಿಸಿದರು. ದಿನಕ್ಕೆ ಸರಿಯಾಗಿ ನೂರು ರೂಪಾಯಿ, ಚಿಲ್ಲರೆ ಸಮಸ್ಯೆಯೂ ಇಲ್ಲ! ಹತ್ತು ಇಂಟು, ಸಾವಿರ ಕಡಿತ, ಕೈಗೆ 2,100. ಬಂದಾಗ ತಿಂಗಳ ಲೆಕ್ಕ, ಬಾರದಿದ್ದಾಗ ದಿನದ ಲೆಕ್ಕ. ಇಂಥ ಗಣಿತ ಆರ್ಯಭಟನಿಗೂ ಹೊಳೆದಿರಲಿಲ್ಲ.

ಪ್ರಶ್ನೆ: ಯಜಮಾನರ ಪರವಾಗಿಯೂ ಒಂದು ಮಾತು ಕೇಳಬೇಕಲ್ಲ. ಕೆಲಸವೇ ಮಾಡದವರಿಗೆ ಸಂಬಳ ಕೊಡುವುದು ಯಾವ ನ್ಯಾಯ?

ಕ್ಯಾಲೆಂಡರ್: ನ್ಯಾಯದ ಪ್ರಶ್ನೆಯೇ. ಹಾಗಾದರೆ ಏಪ್ರಿಲ್ ಹಾಳೆಯ ಹಿಂಭಾಗ ಓದಿ. ಈಜುಕೊಳಕ್ಕೆ ಬೀಗ, ಕ್ಲಬ್‌ಹೌಸಿಗೆ ಬೀಗ, ಮೇಂಟೆನೆನ್ಸ್ ಪೂರ್ತಿ ಕಟ್ಟಿದ್ದಾರೆ. ಜಿಮ್ಮಿಗೆ ವರ್ಷದ ಹಣ ಮುಂಗಡ ಹೋಗಿತ್ತು, ವಾಪಸ್ ಕೇಳಲಿಲ್ಲ. ಮಾರ್ಚ್ 29ಕ್ಕೆ ಶುರುವಾಗಬೇಕಿದ್ದ ಐಪಿಎಲ್ ಮುಂದಕ್ಕೆ ಹೋಯಿತು, ಆದರೂ ಕ್ರೀಡಾ ಚಾನೆಲ್ಲಿನ ಪ್ಯಾಕ್ ರಿಚಾರ್ಜ್ ಆಯಿತು. ಕೆಳಗೆ ನಿಂತ ಕಾರಿನ ಕಥೆ ಕೇಳಿ. ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ಸಾಲದ ಕಂತನ್ನು ಮೂರು ತಿಂಗಳು ಮುಂದೂಡಲು ಅವಕಾಶ ಕೊಟ್ಟಿತು. ಬಡ್ಡಿ ಬೆಳೆಯುತ್ತದಲ್ಲ ಎಂದು ಇವರು ತಾರೀಖು ತಪ್ಪದೆ ಕಟ್ಟಿದರು. ಅದೇ ಕಾರು ಒರೆಸುವವನು ಫೋನ್ ಮಾಡಿದರೆ, ‘ಕಾರು ಓಡಿದರೆ ತಾನೇ ಧೂಳು ಕೂರೋದು?’ ಎಂದರು. ಕೆಲಸ ನಡೆಯದಿದ್ದರೂ ಹಣ ಹೋದ ಬಾಬ್ತುಗಳು ಇಷ್ಟಿವೆ. ಭಾಗಾಕಾರ ನಡೆದದ್ದು ಗೇಟಿನಾಚೆ ನಿಂತವರ ಮೇಲೆ ಮಾತ್ರ.

ಪ್ರಶ್ನೆ: ಸರ್ಕಾರ ಯಾರೂ ಸಂಬಳ ಕಡಿಯಬೇಡಿ ಎಂದಿತ್ತಲ್ಲ?

ಕ್ಯಾಲೆಂಡರ್: ಎಂದಿತ್ತು. ಮಾರ್ಚ್ 19ರ ಭಾಷಣದಲ್ಲಿಯೇ ಪ್ರಧಾನಿ ವಿನಂತಿಸಿದರು. ನಿಮಗೆ ಸೇವೆ ಒದಗಿಸುವವರು ಕಚೇರಿಗೋ ಮನೆಗೋ ಬರಲಾಗದೆ ಹೋದರೆ ಸಂಬಳ ಹಿಡಿಯಬೇಡಿ ಎಂಬ ಅರ್ಥದಲ್ಲಿ. ಆ ಭಾಷಣದಲ್ಲಿ ಈ ಮನೆಗೆ ಚೆನ್ನಾಗಿ ಕೇಳಿಸಿದ್ದು ಚಪ್ಪಾಳೆ ತಟ್ಟುವ ಭಾಗ. 22ರ ಸಂಜೆ 5 ಗಂಟೆಗೆ ಬಾಲ್ಕನಿಯಲ್ಲಿ ನಿಂತು ಸ್ಟೀಲ್ ತಟ್ಟೆ ಬಡಿದರು. ಮರುದಿನದಿಂದ ಆ ತಟ್ಟೆ ತೊಳೆಯುವಾಕೆಗೆ ಗೇಟು ಬಂದ್.

ಪ್ರಶ್ನೆ: ಆಮೇಲೆ ಗೃಹ ಸಚಿವಾಲಯದ ಆದೇಶವೂ ಬಂತು.

ಕ್ಯಾಲೆಂಡರ್: ಮಾರ್ಚ್ 29ಕ್ಕೆ. ಮುಚ್ಚಿದ ಅವಧಿಗೂ ಕಡಿತವಿಲ್ಲದೆ ವೇತನ ಕೊಡಬೇಕು ಎಂದು. ಅದನ್ನು ಯಜಮಾನರು ಬಾಯಿಪಾಠ ಮಾಡಿದ್ದರು. ಯಾಕೆಂದರೆ ಏಪ್ರಿಲಿನಲ್ಲಿ ಅವರ ಕಂಪನಿ ಸಂಬಳದಲ್ಲಿ ಒಂದು ಪಾಲು ಹಿಡಿಯುತ್ತೇವೆಂದು ಮೇಲ್ ಕಳಿಸಿತು. ‘ಇದು ಅನ್ಯಾಯ, ಕಾನೂನುಬಾಹಿರ, ನಾವೇನು ಮನೇಲಿ ಸುಮ್ಮನೆ ಕೂತಿದ್ದೀವಾ’ ಎಂದು ನನ್ನ ಮುಂದೆಯೇ ನಿಂತು ಕೂಗಾಡಿದರು. ‘ಮತ್ತೆ ನಮ್ಮ ಕೆಲಸದವಳಿಗೆ?’ ಎಂದು ಮನೆಯಾಕೆ ಮೆಲ್ಲಗೆ ಕೇಳಿದರು. ಯಜಮಾನರು ಕನ್ನಡಕ ಹಾಕಿಕೊಂಡು ಆದೇಶವನ್ನು ಇನ್ನೊಮ್ಮೆ ಓದಿದರು. ‘ನೋಡು, ಕೈಗಾರಿಕೆ, ಅಂಗಡಿ, ವಾಣಿಜ್ಯ ಸಂಸ್ಥೆ ಅಂತಷ್ಟೇ ಇದೆ. ಮನೆ ಅಂತ ಎಲ್ಲೂ ಇಲ್ಲ.’ ಅವರು ಓದಿದ್ದರಲ್ಲಿ ತಪ್ಪೇನಿರಲಿಲ್ಲ. ಆ ಆದೇಶವೂ ಮೇ ಮಧ್ಯದಲ್ಲಿ ಬಿದ್ದುಹೋಯಿತು. ಜೂನ್ 12ರಂದು ಸುಪ್ರೀಂ ಕೋರ್ಟು ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಕಾರ್ಮಿಕರ ಜೊತೆ ಮಾತಾಡಿ ಬಗೆಹರಿಸಿಕೊಳ್ಳಿ ಎಂದಿತು. ಇಲ್ಲಿ ಮಾತುಕತೆ ವಾಟ್ಸಾಪಿನಲ್ಲಿ ನಡೆಯಿತು. ಆಕೆ ಧ್ವನಿಸಂದೇಶ ಕಳಿಸಿದಳು, ಇವರು ಕೈಮುಗಿದ ಚಿತ್ರ ಕಳಿಸಿದರು.

ಪ್ರಶ್ನೆ: ಕರ್ನಾಟಕದಲ್ಲಿ ಮನೆಗೆಲಸದವರಿಗೆ ಕಾನೂನೇ ಇಲ್ಲವೇ?

ಕ್ಯಾಲೆಂಡರ್: ಹೆಮ್ಮೆಪಡುವ ಸಂಗತಿಯೊಂದಿದೆ. 2004ರಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದ ಮೊದಲ ರಾಜ್ಯ ನಮ್ಮದೇ. ಆದರೆ ನಾನು ಅಡುಗೆಮನೆಯಲ್ಲಿ ತೂಗಿದಷ್ಟು ಕಾಲದಲ್ಲಿ ಒಬ್ಬ ಕಾರ್ಮಿಕ ನಿರೀಕ್ಷಕರೂ ಬಾಗಿಲು ತಟ್ಟಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮನೆಗೆಲಸದವರ ಹಕ್ಕಿಗೆಂದೇ 189ನೇ ಒಡಂಬಡಿಕೆ ಮಾಡಿತು. ಭಾರತ ಅದರ ಪರ ಮತ ಹಾಕಿತು, ಅನುಮೋದನೆಗೆ ಸಹಿ ಮಾತ್ರ ಹಾಕಲಿಲ್ಲ. ಕೈ ಎತ್ತುವುದು ಸುಲಭ, ಕಿಸೆಗೆ ಹಾಕುವುದು ಕಷ್ಟ.

ಪ್ರಶ್ನೆ: ನಾಯಿಯ ವಿಷಯಕ್ಕೆ ಬರೋಣ. ಅದರ ಲಾಕ್‌ಡೌನ್ ಹೇಗಿತ್ತು?

ಕ್ಯಾಲೆಂಡರ್: ಅದಕ್ಕೆ ಲಾಕ್‌ಡೌನೇ ಆಗಲಿಲ್ಲ, ಓವರ್‌ಟೈಮ್ ಆಯಿತು. ಹೊರಗೆ ಕಾಲಿಡಲು ಒಂದು ನೆಪ ಬೇಕಿತ್ತು. ಬೆಳಿಗ್ಗೆ ಯಜಮಾನರು, ಮಧ್ಯಾಹ್ನ ಮಗ, ಸಂಜೆ ಮಗಳು, ರಾತ್ರಿ ಮತ್ತೆ ಯಜಮಾನರು. ಬೆಲ್ಟ್ ತೆಗೆದ ಸದ್ದಾದರೆ ನಾಯಿ ಮಂಚದ ಕೆಳಗೆ ಸೇರುತ್ತಿತ್ತು. ಏಪ್ರಿಲಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹುಲಿಗೆ ಸೋಂಕು ತಗುಲಿದ ಸುದ್ದಿ ಬಂದಾಗ ಮಾತ್ರ ಎರಡು ದಿನ ಅದನ್ನು ಬಾಲ್ಕನಿಯಲ್ಲಿಟ್ಟು ಮಾತಾಡಿಸಲಿಲ್ಲ. ನಾಯಿ ಆ ಎರಡು ದಿನ ಕಾಲು ಚಾಚಿ ನಿದ್ದೆ ಮಾಡಿತು.

ಪ್ರಶ್ನೆ: ವಾಕಿಂಗ್ ಹುಡುಗನ ಹಣ?

ಕ್ಯಾಲೆಂಡರ್: ‘ಅವನ ಕೆಲಸ ನಾವೇ ಮಾಡ್ಕೊಂಡ್ವಲ್ಲ, ಇನ್ನೇನು ಕೊಡೋದು?’ ಎಂದರು. ಲೆಕ್ಕ ಹಾಕಿದರೆ ಅವನೇ ಇವರಿಗೆ ಕೊಡಬೇಕಾಗಿತ್ತು ಎನ್ನುವವರೆಗೆ ಮಾತು ಹೋಯಿತು. ಆದರೆ ನಾಯಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿಗೆ ವರ್ಷದ ಪ್ಯಾಕೇಜು ಮೊದಲೇ ಕಟ್ಟಿದ್ದರು. ಅಂಗಡಿ ಮುಚ್ಚಿದಾಗ, ‘ಪಾಪ, ಅವರಿಗೂ ಬಾಡಿಗೆ ಇರುತ್ತೆ’ ಎಂದು ಸುಮ್ಮನಾದರು. ಹುಡುಗನಿಗೂ ಬಾಡಿಗೆ ಇತ್ತು. ಮೇ 3ರಿಂದ ಸರ್ಕಾರ ಊರಿಗೆ ಹೋಗುವ ಕೂಲಿಕಾರರಿಗೆ ಉಚಿತ ಬಸ್ ಬಿಟ್ಟಾಗ ಅವನು ಮೆಜೆಸ್ಟಿಕ್‌ನಿಂದ ರಾಯಚೂರಿನ ಬಸ್ಸು ಹತ್ತಿದ. ನನ್ನ ಮೇಲೆ ‘ನಾ’ ಗುರುತು ಡಿಸೆಂಬರಿನವರೆಗೂ ಇದೆ.

ಪ್ರಶ್ನೆ: ಏಪ್ರಿಲ್, ಮೇ ತಿಂಗಳಲ್ಲಿ ಕೆಲಸದಾಕೆಗೆ ಏನೂ ಸಿಗಲೇ ಇಲ್ಲವೇ?

ಕ್ಯಾಲೆಂಡರ್: ಏಪ್ರಿಲಿನಲ್ಲಿ 1,500 ಸಿಕ್ಕಿತು. ಯಜಮಾನರು ಅದನ್ನು ನೆಂಟರಿಗೆಲ್ಲ ಫೋನಿನಲ್ಲಿ ಹೇಳಿಕೊಂಡರು, ಮನುಷ್ಯತ್ವ ಮುಖ್ಯ ಎಂದರು. ಜುಲೈ ಹಾಳೆಯ ಮೂಲೆ ನೋಡಿ, ‘ಅಡ್ವಾನ್ಸ್ 500 ಕಟ್’. ಆಗಸ್ಟಿನಲ್ಲಿ 500. ಸೆಪ್ಟೆಂಬರಿನಲ್ಲಿ 500. ಮೇ ತಿಂಗಳಿಗೆ ‘ಜನಧನ್ ಖಾತೆಗೆ ಮೋದಿ 500 ಹಾಕ್ತಿದಾರಲ್ಲ’ ಎಂದು ಕೈಬಿಟ್ಟರು. ಅದೇ ತಿಂಗಳು ಪಾತ್ರೆ ತೊಳೆಯುವ ಯಂತ್ರದ ಬೆಲೆ ವಿಚಾರಿಸಿ, ಕೊನೆಗೆ ಕಂತಿನಲ್ಲಿ ತರಿಸಿದರು. ಕುಕ್ಕರಿನ ತಳ ಅದಕ್ಕೆ ಒಗ್ಗಲಿಲ್ಲ, ಇಡ್ಲಿ ತಟ್ಟೆ ಒಳಗೆ ಹಿಡಿಯಲಿಲ್ಲ. ಈಗ ಅದರ ಮೇಲೆ ಈರುಳ್ಳಿ ಬುಟ್ಟಿ ಇದೆ. ಒಂದು ದಿನವೂ ನೆಟ್ಟಗೆ ದುಡಿಯದ ಆ ಯಂತ್ರಕ್ಕೆ ಹನ್ನೆರಡು ಕಂತು ಸಂದಿವೆ.

ಪ್ರಶ್ನೆ: ರಾಜ್ಯ ಸರ್ಕಾರದ ಪ್ಯಾಕೇಜು ಬಂದಿತ್ತಲ್ಲ?

ಕ್ಯಾಲೆಂಡರ್: ಮೇ 6ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿ ಘೋಷಿಸಿದರು. ಅಗಸರು, ಕ್ಷೌರಿಕರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಮನೆಗೆಲಸದವರ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಮರುವರ್ಷದ ಮೇ ತಿಂಗಳಲ್ಲಿ 1,250 ಕೋಟಿಯ ಪ್ಯಾಕೇಜು ಬಂದಾಗ ಅವರಿಗೂ 2,000 ಸೇರಿಸಿದರು ಎಂದು ನನ್ನ ಬೆನ್ನ ಮೇಲೆ ಕೂತಿರುವ ತಮ್ಮ ಹೇಳಿದ.

ಪ್ರಶ್ನೆ: ಎಲ್ಲ ಮನೆಯೂ ಹೀಗೇ ಇತ್ತೆಂದು ಬರೆದರೆ ಓದುಗರು ಸಿಟ್ಟಾಗುತ್ತಾರೆ.

ಕ್ಯಾಲೆಂಡರ್: ಆಗಲೇಬೇಕು, ಯಾಕೆಂದರೆ ಅದು ಸುಳ್ಳು. ಇದೇ ಮನೆಯಲ್ಲಿ ಮನೆಯಾಕೆ ಸಾಸಿವೆ ಡಬ್ಬಿಯಿಂದ ತೆಗೆದು, ಅಡುಗೆಗೆ ಬರುತ್ತಿದ್ದ ಇನ್ನೊಬ್ಬಾಕೆಗೆ ಸೆಕ್ಯೂರಿಟಿಯವನ ಕೈಯಲ್ಲಿ ಹಣ ಕಳಿಸಿದರು. ನನ್ನ ಮೇಲೆ ಬರೆಯಲಿಲ್ಲ, ಯಜಮಾನರು ಓದುತ್ತಾರೆಂದು. ಎದುರು ಫ್ಲ್ಯಾಟಿನ ನಿವೃತ್ತ ಮೇಷ್ಟರು ಮೂರು ತಿಂಗಳೂ ಪೂರ್ತಿ ಸಂಬಳ ಕೊಟ್ಟರು. ಯಾಕೆ ಸಾರ್ ಎಂದು ಯಜಮಾನರು ಕೇಳಿದ್ದಕ್ಕೆ, ‘ನನ್ನ ಪಿಂಚಣಿ ಬರೋದೂ ಕೆಲಸ ಮಾಡದೇನೇ ಅಲ್ವೇನಪ್ಪಾ’ ಎಂದರು. ಅವರ ಮನೆ ಕ್ಯಾಲೆಂಡರ್ ನನಗೆ ಸಿಕ್ಕಿದ್ದರೆ ಮಾತಾಡಲು ವಿಷಯವೇ ಇರುತ್ತಿರಲಿಲ್ಲ. ಒಂದು ಇಂಟು ಗುರುತೂ ಇಲ್ಲದ ಖಾಲಿ ಹಾಳೆ.

ಪ್ರಶ್ನೆ: ಆ ವರ್ಷ ತಮಗೆ ಅತ್ಯಂತ ಮುಜುಗರ ತಂದ ತಾರೀಖು ಯಾವುದು?

ಕ್ಯಾಲೆಂಡರ್: ಎರಡಿವೆ. ಏಪ್ರಿಲ್ 26, ಬಸವ ಜಯಂತಿ. ಯಜಮಾನರು ಕಾಯಕದ ಮಹಿಮೆಯನ್ನು ಸ್ಟೇಟಸ್ಸಿಗೆ ಹಾಕಿದರು. ದಾಸೋಹದ ಬಗ್ಗೆ ಹಾಕಲು ಜಾಗ ಸಾಲಲಿಲ್ಲ. ಇನ್ನೊಂದು ಮೇ 1. ಕಾರ್ಮಿಕರ ದಿನವೆಂದು ನನ್ನ ಮೇಲೆ ಕೆಂಪಾಗಿ ಅಚ್ಚಾಗಿದೆ. ಪ್ರತಿ ವರ್ಷ ಅಂದು ಯಜಮಾನರಿಗೆ ರಜೆ, ಮನೆತುಂಬ ಜನ, ಆಕೆಗೆ ಎರಡು ಪಟ್ಟು ಪಾತ್ರೆ. 2020ರಲ್ಲಿ ಮೊದಲ ಸಲ ಆಕೆಗೂ ಮೇ 1ಕ್ಕೆ ರಜೆ ಸಿಕ್ಕಿತು. ಅದಕ್ಕೂ ಇಂಟು ಹಾಕಿ ನೂರು ರೂಪಾಯಿ ಹಿಡಿದರು.

ಪ್ರಶ್ನೆ: ಜೂನಿನಲ್ಲಿ ಆಕೆ ಮರಳಿ ಬಂದಳಲ್ಲ, ಸ್ವಾಗತ ಹೇಗಿತ್ತು?

ಕ್ಯಾಲೆಂಡರ್: ಹಣೆಗೆ ಥರ್ಮಾಮೀಟರ್ ಹಿಡಿದರು, ಕೈಗೆ ಸ್ಯಾನಿಟೈಸರ್ ಸುರಿದರು, ಲಿಫ್ಟು ಬೇಡ, ಮೆಟ್ಟಿಲು ಹತ್ತು ಎಂದರು. ಬೇರೆ ಮನೆಗೆ ಹೋಗಕೂಡದು, ನಮ್ಮೊಂದೇ ಮನೆ ಮಾಡಬೇಕು ಎಂದರು. ಸಂಬಳ ಮಾತ್ರ ಮೊದಲಿನಂತೆ ಒಂದು ಮನೆಯದ್ದೇ. ಆಕೆ ಮೂರು ಮಹಡಿ ಹತ್ತಿ ಬಂದು ಸಿಂಕು ನೋಡಿ, ‘ಅಕ್ಕಾ, ಇದನ್ನ ಮಾರ್ಚಿಂದ ಇಟ್ಟಿದ್ದೀರಾ?’ ಎಂದು ಕೇಳಿದಳು.

ಪ್ರಶ್ನೆ: ಓದುಗರಿಗೆ ತಮ್ಮ ಸಲಹೆ?

ಕ್ಯಾಲೆಂಡರ್: ನನ್ನಲ್ಲಿ ಕೆಂಪು ಶಾಯಿ ಎರಡು ಬಗೆ. ಅಚ್ಚಿನ ಕೆಂಪು ಯಜಮಾನರಿಗೆ, ಅಂದು ದುಡಿಯದಿದ್ದರೂ ಸಂಬಳ. ಪೆನ್ನಿನ ಕೆಂಪು ಕೆಲಸದವರಿಗೆ, ಅಂದು ಬಾರದಿದ್ದರೆ ಕಡಿತ. ಲಾಕ್‌ಡೌನ್ ಕಾಲದಲ್ಲಿ ಜನ ಕೆಟ್ಟವರಾಗಲಿಲ್ಲ, ಮೊದಲಿನಿಂದ ಇದ್ದ ಈ ಎರಡು ಶಾಯಿಯ ಪದ್ಧತಿ ಎಲ್ಲರ ಕಣ್ಣಿಗೆ ಬಿತ್ತು, ಅಷ್ಟೇ. ಹಾಗಾಗಿ ಹೊಸ ಕ್ಯಾಲೆಂಡರನ್ನು ಮೊಳೆಗೆ ಹಾಕುವ ಮುನ್ನ ಕೆಲಸದಾಕೆಯನ್ನು ಕೂರಿಸಿಕೊಂಡು, ಆಕೆಗೆ ಬೇಕಾದ ದಿನಗಳನ್ನು ಕೇಳಿ ಬರೆಯಿರಿ. ವಾರಕ್ಕೊಂದು ದಿನ, ಹಬ್ಬಗಳು, ಕಾಯಿಲೆಗೆಂದು ಇಷ್ಟು ದಿನ, ಎಲ್ಲಕ್ಕೂ ಸಂಬಳ ಸಹಿತ. ನೀವು ಊರಿಗೆ ಹೋದ ದಿನವೂ, ಸರ್ಕಾರ ಗೇಟು ಮುಚ್ಚಿಸಿದ ದಿನವೂ ನಿಮ್ಮ ಖಾತೆಗೆ ಸೇರಿದ್ದು, ಆಕೆಯ ಖಾತೆಗಲ್ಲ. ನಾಯಿ ತಿರುಗಿಸುವವನಿಗೂ ಕಾರು ಒರೆಸುವವನಿಗೂ ಇದೇ ನಿಯಮ. ಈ ಮನೆಯ ಹಳೇ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮಾರ್ಚಿನ 1,000, ಏಪ್ರಿಲ್ ಮತ್ತು ಮೇ ತಿಂಗಳ ತಲಾ 3,100, ಒಟ್ಟು 7,200 ರೂಪಾಯಿ. ಅಡ್ವಾನ್ಸ್ ಎಂದು ಕೊಟ್ಟದ್ದನ್ನು ವಾಪಸ್ ಹಿಡಿದಾಗಿದೆ, ಆದ್ದರಿಂದ ಪೂರ್ತಿ ಬಾಕಿ. ಆಕೆಯ ಫೋನ್ ನಂಬರ್ ನನ್ನ ಜೂನ್ ಹಾಳೆಯ ಅಂಚಿನಲ್ಲಿದೆ. ನಿಮ್ಮ ಮನೆಯಲ್ಲೂ ಇಂಥ ಬಾಕಿ ಇದ್ದರೆ ಮುಹೂರ್ತ ನೋಡಬೇಡಿ, ಇವತ್ತೇ ಕೊಟ್ಟುಬಿಡಿ.